ಕೋಶದ ಬಾಗಿಲು ಕಾಯುವ ಮಾತ್ರೆ: ಮೂತ್ರಪಿಂಡ ಕಸಿಯಾದವರಿಗೂ ಅವರ ಮನೆಯವರಿಗೂ



ಮೂತ್ರಪಿಂಡ, ಅಂದರೆ ಕಿಡ್ನಿ, ಕಸಿ ಮಾಡಿಸಿಕೊಂಡು ಒಂದೆರಡು ವರ್ಷ ಆರೋಗ್ಯವಾಗಿರುವವರು ನಮ್ಮ ಹೊರರೋಗಿ ವಿಭಾಗಕ್ಕೂ ಬರುತ್ತಾರೆ. ಕಸಿ ಬೇರೆ ಆಸ್ಪತ್ರೆಯಲ್ಲಿ ಆಗಿರುತ್ತದೆ. ಇಲ್ಲಿಗೆ ಬರುವುದು ಸಕ್ಕರೆ, ಬಿ.ಪಿ. ನೋಡಿಸಲು, ಕೆಮ್ಮು ಜ್ವರಕ್ಕೆ ಔಷಧಿ ಕೇಳಲು. ಮಾತಿನ ನಡುವೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಈಗ ಎಲ್ಲಾ ಚೆನ್ನಾಗಿದೆಯಲ್ಲ ಡಾಕ್ಟ್ರೇ, ಈ ಮಾತ್ರೆ ಇನ್ನೂ ಎಷ್ಟು ದಿನ?" ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಊರಿಗೆ ಹೋದಾಗ ಮೂರು ದಿನ ಬಿಟ್ಟಿದ್ದೆ, ಏನೂ ಆಗಲಿಲ್ಲ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ.

ಬೈದರೆ ಪ್ರಯೋಜನವಿಲ್ಲ. ಆ ಮಾತ್ರೆ ದೇಹದೊಳಗೆ ಯಾವ ಜಾಗದಲ್ಲಿ ನಿಂತು ಏನು ಮಾಡುತ್ತಿದೆ ಎಂಬುದು ತಿಳಿದರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಎಂಬ ಔಷಧಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ತಿಳಿಸುತ್ತೇವೆ. ಕಸಿಯಾದ ಬಹುಪಾಲು ಜನರ ಡಬ್ಬಿಯಲ್ಲಿ ಇವೆರಡರಲ್ಲಿ ಒಂದು ಇದ್ದೇ ಇರುತ್ತದೆ.

ಜೀವಕೋಶವೂ ಅದರ ಗೇಟುಗಳೂ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಒಂದೊಂದು ಜೀವಕೋಶದ ನಡುವೆಯೂ ಪೊರೆಯಿಂದ ಮುಚ್ಚಿದ ಒಂದು ಉಂಡೆ ಇದೆ. ಅದಕ್ಕೆ ಕೋಶಕೇಂದ್ರ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ನ್ಯೂಕ್ಲಿಯಸ್. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಈ ಉಂಡೆಯೊಳಗೆ ಬಿಡಿಸಿದರೆ ಸುಮಾರು 2 ಮೀಟರ್ ಉದ್ದ ಬರುವ ಡಿ.ಎನ್.ಎ. ಎಳೆ ಮಡಿಸಿ ಇಟ್ಟಿದೆ. ದೇಹ ಯಾವ ಪ್ರೋಟೀನನ್ನು ಯಾವಾಗ ತಯಾರಿಸಬೇಕು ಎಂಬ ಆಜ್ಞೆಗಳೆಲ್ಲ ಅದರಲ್ಲಿವೆ. ಆದರೆ ಪ್ರೋಟೀನು ತಯಾರಾಗುವುದು ಕೋಶಕೇಂದ್ರದ ಹೊರಗೆ. ಹೀಗಾಗಿ ಒಳಗೂ ಹೊರಗೂ ಸದಾ ಓಡಾಟವಿರುತ್ತದೆ.

ಈ ಓಡಾಟ ನಡೆಯುವುದು ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರಗಳ ಮೂಲಕ. ಮನುಷ್ಯರ ಒಂದು ಜೀವಕೋಶದಲ್ಲಿ ಇಂಥ ಸುಮಾರು 2,000 ರಂಧ್ರಗಳಿರುತ್ತವೆ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡನ್ನು ನೋಡಿದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಕೈಬೀಸಿಕೊಂಡು ನಡೆದು ಬರುವವರನ್ನು ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಮೂಟೆ ಒಳಗೆ ಹೋಗಬೇಕಾದರೆ ಮಾತ್ರ ಅದು ಯಾವ ಮಂಡಿಗೆ ಎಂಬ ಚೀಟಿ ಬೇಕು, ಹೊರಲು ಹಮಾಲಿ ಬೇಕು. ಕೋಶಕೇಂದ್ರದಲ್ಲೂ ಹಾಗೆಯೇ. ಚಿಕ್ಕ ಅಣುಗಳು ತಾವಾಗಿ ನುಸುಳುತ್ತವೆ. ದೊಡ್ಡ ಪ್ರೋಟೀನಿನ ಮೈಮೇಲೆ "ನಾನು ಒಳಗೆ ಹೋಗಬೇಕಾದವನು" ಎಂಬ ಗುರುತು ಇರಬೇಕು. ಆ ಗುರುತನ್ನು ನೋಡಿ ಅದನ್ನು ಹೊತ್ತು ಒಳಗೆ ಒಯ್ಯುವ ಹಮಾಲಿಗಳಿಗೆ ಇಂಪೋರ್ಟಿನ್ ಎಂದು ಹೆಸರು. ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತಿರುತ್ತವೆ ಎಂದು ತೋರಿಸಿದ್ದಕ್ಕಾಗಿ ಗುಂಟರ್ ಬ್ಲೋಬೆಲ್ ಎಂಬ ವಿಜ್ಞಾನಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ಕಸಿಯಾದ ಮೂತ್ರಪಿಂಡದ ವಿಷಯಕ್ಕೆ ಬರೋಣ. ನಿಮ್ಮ ರಕ್ತದಲ್ಲಿ ಟಿ ಕಣಗಳು ಎಂಬ ಬಿಳಿ ರಕ್ತಕಣಗಳು ತಿರುಗುತ್ತಿರುತ್ತವೆ. ಇವು ದೇಹದ ಕಾವಲುಗಾರರು. ತಮ್ಮದಲ್ಲದ್ದನ್ನು ಕಂಡರೆ ದಾಳಿ ಮಾಡುವುದು ಇವುಗಳ ಧರ್ಮ. ಮೂತ್ರಪಿಂಡ ಕೊಟ್ಟವರು ಹೆತ್ತ ತಾಯಿಯೇ ಇರಲಿ, ಕೈಹಿಡಿದ ಹೆಂಡತಿಯೇ ಇರಲಿ, ಟಿ ಕಣಕ್ಕೆ ಆ ಸಂಬಂಧ ತಿಳಿಯದು. ಅದಕ್ಕೆ ಕಾಣುವುದು ಹೊರಗಿನ ಗುರುತು ಅಷ್ಟೇ. ಗುರುತು ಕಂಡ ಕೂಡಲೇ ಟಿ ಕಣದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದರಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರವಾಗುತ್ತದೆ. ಅಲ್ಲಿಯವರೆಗೆ ಕೋಶಕೇಂದ್ರದ ಹೊರಗೆ ಸುಮ್ಮನೆ ಕುಳಿತಿದ್ದ ಎನ್‌ಫ್ಯಾಟ್ ಎಂಬ ಒಂದು ಪ್ರೋಟೀನು ಇದೆ. ಅದರ ಬಳಿ ಚೀಟಿಯೇನೋ ಇದೆ, ಆದರೆ ಮೈಗೆ ಅಂಟಿದ ಫಾಸ್ಫೇಟುಗಳ ಕೆಳಗೆ ಮುಚ್ಚಿಹೋಗಿದೆ. ಕ್ಯಾಲ್ಸಿನ್ಯೂರಿನ್ ಬಂದು ಆ ಫಾಸ್ಫೇಟುಗಳನ್ನು ಕಿತ್ತು ಹಾಕುತ್ತದೆ. ಚೀಟಿ ಕಾಣಿಸುತ್ತದೆ, ಹಮಾಲಿ ಹೊತ್ತೊಯ್ಯುತ್ತಾನೆ, ಕೆಲವೇ ನಿಮಿಷಗಳಲ್ಲಿ ಎನ್‌ಫ್ಯಾಟ್ ಕೋಶಕೇಂದ್ರದ ಒಳಗಿರುತ್ತದೆ. ಅಲ್ಲಿ ಅದು ದಾಳಿಯ ಆಜ್ಞೆಯನ್ನು ತೆರೆಯುತ್ತದೆ. ಟಿ ಕಣಗಳು ಒಂದು ನೂರಾಗಿ, ನೂರು ಸಾವಿರವಾಗಿ ಮೂತ್ರಪಿಂಡದ ಮೇಲೆ ಬೀಳುತ್ತವೆ. ವೈದ್ಯರು ತಿರಸ್ಕಾರ ಎಂದು ಕರೆಯುವುದು ಇದನ್ನೇ.

ಮಾತ್ರೆ ತಡೆಯುವುದು ಎಲ್ಲಿ?

ಟ್ಯಾಕ್ರೋಲಿಮಸ್ ಕ್ಯಾಪ್ಸೂಲನ್ನು ನೀವು ನುಂಗಿದಾಗ ಅದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಟಿ ಕಣದ ಒಳಗೆ ಸೇರಿ, ಅಲ್ಲಿರುವ ಒಂದು ಪುಟ್ಟ ಪ್ರೋಟೀನಿನ ಜೊತೆ ಕೂಡಿಕೊಳ್ಳುತ್ತದೆ. ಈ ಜೋಡಿ ಹೋಗಿ ಕ್ಯಾಲ್ಸಿನ್ಯೂರಿನ್‌ನ ಕೈ ಹಿಡಿದುಬಿಡುತ್ತದೆ. ಫಾಸ್ಫೇಟು ಕೀಳುವವರಿಲ್ಲ, ಚೀಟಿ ಕಾಣುವುದಿಲ್ಲ, ಎನ್‌ಫ್ಯಾಟ್ ಗೇಟಿನ ಹೊರಗೇ ಉಳಿಯುತ್ತದೆ. ಸೈಕ್ಲೋಸ್ಪೋರಿನ್ ಬೇರೊಂದು ಪ್ರೋಟೀನಿನ ಜೊತೆ ಕೂಡಿ ಇದೇ ಕೆಲಸ ಮಾಡುತ್ತದೆ. ಈ ಎರಡು ಔಷಧಿಗಳು ಎನ್‌ಫ್ಯಾಟ್‌ನ ಒಂದು ಭಾಗವನ್ನು ಕೋಶಕೇಂದ್ರದೊಳಗೆ ಹೋಗದಂತೆ ತಡೆಯುತ್ತವೆ ಎಂಬುದು ವೈಜ್ಞಾನಿಕವಾಗಿ ಪ್ರಕಟವಾದದ್ದು 1991ರಲ್ಲಿ. ಔಷಧಿ ಮೊದಲು ಬಂತು, ಅದು ಕೆಲಸ ಮಾಡುವ ಬಗೆ ಆಮೇಲೆ ತಿಳಿಯಿತು. ವೈದ್ಯಶಾಸ್ತ್ರದಲ್ಲಿ ಹೀಗಾಗುವುದು ಅಪರೂಪವೇನಲ್ಲ.

ಎರಡೂ ಮಣ್ಣಿನಿಂದ ಬಂದ ಔಷಧಿಗಳು. ಸೈಕ್ಲೋಸ್ಪೋರಿನ್ ನಾರ್ವೆ ದೇಶದ ಒಂದು ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಶಿಲೀಂಧ್ರದಲ್ಲಿ ಸಿಕ್ಕಿತು. ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಸಿಕ್ಕಿತು. ಅದರ ಹೆಸರಿನ ಮೊದಲ ಅಕ್ಷರ ಆ ಊರಿನದೇ. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ವೆಲ್ಲೂರಿನಲ್ಲಿ 1971ರಲ್ಲಿ ನಡೆದಾಗ ಇವೆರಡೂ ವೈದ್ಯರ ಕೈಯಲ್ಲಿರಲಿಲ್ಲ. ಅಂದಿನವರು ಎಷ್ಟು ಕಷ್ಟಪಟ್ಟಿರಬೇಕೆಂದು ಊಹಿಸಿಕೊಳ್ಳಿ.

ಒಂದು ಸ್ವಾರಸ್ಯವನ್ನು ಹೇಳದೆ ಇರಲಾಗುತ್ತಿಲ್ಲ. ನಿಮ್ಮ ಡಬ್ಬಿಯಲ್ಲಿ ಪ್ರೆಡ್ನಿಸೊಲೋನ್ ಎಂಬ ಚಿಕ್ಕ ಮಾತ್ರೆಯೂ ಇರಬಹುದು. ಅದರ ಕೆಲಸ ತಿರುಗುಮುರುಗು. ಅದು ಬೇರೊಂದು ಪ್ರೋಟೀನನ್ನು ಕೋಶಕೇಂದ್ರದ ಒಳಗೆ ಕಳಿಸಿ, ಅಲ್ಲಿಂದ ಉರಿಯೂತವನ್ನು ತಗ್ಗಿಸುತ್ತದೆ. ಒಂದೇ ಹೊತ್ತಿನಲ್ಲಿ ನುಂಗುವ ಎರಡು ಮಾತ್ರೆಗಳಲ್ಲಿ ಒಂದು ತಡೆಯುವುದು, ಇನ್ನೊಂದು ಒಳಗೆ ಕಳಿಸುವುದು. ಆದ್ದರಿಂದ "ಒಂದನ್ನು ತೆಗೆದುಕೊಂಡಿದ್ದೇನೆ, ಇನ್ನೊಂದು ಬಿಟ್ಟರೂ ನಡೆಯುತ್ತದೆ" ಎಂಬ ಲೆಕ್ಕ ತಪ್ಪು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಟ್ಯಾಕ್ರೋಲಿಮಸ್ ಟಿ ಕಣವನ್ನು ಕೊಲ್ಲುವುದಿಲ್ಲ, ಅದಕ್ಕೆ ಹೊಸ ಬುದ್ಧಿಯನ್ನೂ ಕಲಿಸುವುದಿಲ್ಲ. ಕೈ ಹಿಡಿದು ನಿಂತಿರುತ್ತದೆ, ಅಷ್ಟೇ. ಔಷಧಿ ರಕ್ತದಲ್ಲಿ ಇಳಿದಂತೆ ಹಿಡಿತ ಸಡಿಲವಾಗುತ್ತದೆ. ಮೂತ್ರಪಿಂಡ ನಿಮ್ಮೊಳಗೆ ಹತ್ತು ವರ್ಷ ಇದ್ದರೂ ಅದರ ಮೇಲಿನ ಗುರುತು ಕೊಟ್ಟವರದೇ. ಆದ್ದರಿಂದ ಈ ಮಾತ್ರೆಗೆ ಕೊನೆಯ ದಿನವಿಲ್ಲ. ಮೂತ್ರಪಿಂಡ ಕೆಲಸ ಮಾಡುವವರೆಗೂ ಬೇಕು. "ಮೂರು ದಿನ ಬಿಟ್ಟೆ, ಏನೂ ಆಗಲಿಲ್ಲ" ಎನ್ನುವವರಿಗೆ ನಾವು ಹೇಳುವುದಿಷ್ಟು: ತಿರಸ್ಕಾರ ಶುರುವಾದಾಗ ನೋವು ಬರಲೇಬೇಕೆಂದಿಲ್ಲ. ಎಷ್ಟೋ ಸಲ ಮೊದಲ ಸುಳಿವು ರಕ್ತದ ಕ್ರಿಯಾಟಿನಿನ್ ಏರಿದ್ದು ಮಾತ್ರ. ಅದು ಮೈಗೆ ತಿಳಿಯುವುದಿಲ್ಲ, ಲ್ಯಾಬಿನ ವರದಿಗೆ ತಿಳಿಯುತ್ತದೆ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಕ್ಯಾಲ್ಸಿನ್ಯೂರಿನ್ ಟಿ ಕಣದಲ್ಲಿ ಮಾತ್ರ ಇರುವುದಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಅದು ನರಗಳಲ್ಲಿದೆ, ಮೂತ್ರಪಿಂಡದಲ್ಲಿದೆ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲೂ ಇದೆ. ಔಷಧಿ ಹೆಚ್ಚಾದರೆ ಕೈ ನಡುಗುತ್ತದೆ, ಸಕ್ಕರೆ ಏರುತ್ತದೆ, ಬಿ.ಪಿ. ಏರುತ್ತದೆ, ಉಳಿಸಿಕೊಳ್ಳಬೇಕೆಂದಿದ್ದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ, ಸೋಂಕು ತಗಲುವುದು ಸುಲಭವಾಗುತ್ತದೆ. ಕಡಿಮೆಯಾದರೆ ತಿರಸ್ಕಾರ. ನಡುವಿನ ದಾರಿ ಕಿರಿದು. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 5ರಿಂದ 15 ನ್ಯಾನೋಗ್ರಾಂ ಒಳಗೆ, ಕಸಿಯಾಗಿ ಎಷ್ಟು ತಿಂಗಳಾಯಿತು ಎಂಬುದನ್ನು ನೋಡಿ ನಿಮ್ಮ ವೈದ್ಯರು ಗುರಿ ನಿಗದಿ ಮಾಡುತ್ತಾರೆ. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು! ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ನಿಮ್ಮ ಅಡುಗೆಮನೆ, ಗಡಿಯಾರ ಮತ್ತು ಔಷಧಿ ಅಂಗಡಿ ಮೂರೂ ಏರುಪೇರು ಮಾಡಬಲ್ಲವು.

ದಿನಕ್ಕೆ ಎರಡು ಸಲದ ಕ್ಯಾಪ್ಸೂಲಾದರೆ ನಡುವೆ 12 ಗಂಟೆ ಇರಲಿ. ಬೆಳಿಗ್ಗೆ 8 ಆದರೆ ರಾತ್ರಿ 8. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಊಟವಾಗಿ ಎರಡು ಗಂಟೆಯ ನಂತರ, ದಿನವೂ ಒಂದೇ ಕ್ರಮದಲ್ಲಿ ತೆಗೆದುಕೊಳ್ಳಿ. ಎಣ್ಣೆ ತುಪ್ಪದ ಊಟದ ಜೊತೆ ನುಂಗಿದರೆ ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ಹೇಳಲಾರರು. ಆದ್ದರಿಂದ ಒಂದು ಹೊತ್ತಿನ ಮಾತ್ರೆಯನ್ನು ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಂಡೇ ಮನೆ ಬಿಡಿ. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನೂ ಸೇರಿಸಿ ನುಂಗಬೇಡಿ, ಕಸಿ ಘಟಕಕ್ಕೆ ಫೋನು ಮಾಡಿ ಕೇಳಿ. ದಿನಕ್ಕೆ ಒಂದೇ ಸಲದ ಬಗೆಯೂ ಇದೆ. ಅದಕ್ಕೂ ಇದಕ್ಕೂ ಅದಲುಬದಲು ಕೂಡದು. ಅಂಗಡಿಯವರು "ಅದೇ ಔಷಧಿ, ಬೇರೆ ಕಂಪನಿ" ಎಂದು ಕೊಟ್ಟರೆ ಬೇರೆ ಮಾತ್ರೆಗಳಲ್ಲಿ ನಡೆಯಬಹುದು, ಇದರಲ್ಲಿ ವೈದ್ಯರನ್ನು ಕೇಳದೆ ಬೇಡ.

ಚಕ್ಕೋತ ಹಣ್ಣಿನ ಮಾತು

ನಮ್ಮ ಭಾಗದವರಿಗೆ ಇದನ್ನು ಒತ್ತಿ ಹೇಳಬೇಕು. ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ದೇವನಹಳ್ಳಿ ಚಕ್ಕೋತಕ್ಕೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆಸ್ಪತ್ರೆಗೆ ನೋಡಲು ಬರುವವರು ತರುತ್ತಾರೆ, ಹಬ್ಬದಲ್ಲಿ ಫಲದ ತಟ್ಟೆಯಲ್ಲಿ ಇರುತ್ತದೆ, ಪ್ರಸಾದವೆಂದೂ ಕೈಗೆ ಬರುತ್ತದೆ. ಹಣ್ಣು ತಿಂದರೆ ಆರೋಗ್ಯ ಎಂಬುದು ಎಲ್ಲರೂ ಕೇಳಿಕೊಂಡು ಬಂದ ಮಾತು.

ಆದರೆ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರು ಚಕ್ಕೋತ ಹಣ್ಣನ್ನಾಗಲಿ ಅದರ ರಸವನ್ನಾಗಲಿ ಮುಟ್ಟಬಾರದು. ಕಾರಣ ಹೀಗಿದೆ. ನೀವು ನುಂಗಿದ ಔಷಧಿಯ ಬಹುಪಾಲು ರಕ್ತಕ್ಕೆ ಸೇರುವ ಮೊದಲೇ ಕರುಳಿನ ಗೋಡೆಯಲ್ಲಿ ಮತ್ತು ಯಕೃತ್ತಿನಲ್ಲಿ ಒಂದು ಕಿಣ್ವದಿಂದ ಒಡೆದುಹೋಗುತ್ತದೆ. ಹೀಗೆ ಹಾಳಾಗುವುದನ್ನು ಲೆಕ್ಕಕ್ಕೆ ಹಿಡಿದೇ ವೈದ್ಯರು ಪ್ರಮಾಣ ಬರೆದಿರುತ್ತಾರೆ. ಚಕ್ಕೋತದಲ್ಲಿಯೂ ಅದರ ಹತ್ತಿರದ ಬಂಧುವಾದ ಗ್ರೇಪ್‌ಫ್ರೂಟ್‌ನಲ್ಲಿಯೂ ಇರುವ ಕೆಲವು ರಾಸಾಯನಿಕಗಳು ಕರುಳಿನ ಆ ಕಿಣ್ವವನ್ನು ಕೆಡಿಸುತ್ತವೆ. ಒಡೆಯುವವರಿಲ್ಲದೆ ಔಷಧಿ ಪೂರಾ ರಕ್ತಕ್ಕೆ ನುಗ್ಗುತ್ತದೆ. ಎಂದಿನ ಒಂದೇ ಕ್ಯಾಪ್ಸೂಲು ಹಲವು ಕ್ಯಾಪ್ಸೂಲುಗಳಂತೆ ಕೆಲಸ ಮಾಡುತ್ತದೆ. ಮೂತ್ರಪಿಂಡ ಕಸಿಯಾದ ರೋಗಿಯೊಬ್ಬರಲ್ಲಿ ಚಕ್ಕೋತದ ಜಾತಿಯ ಹಣ್ಣು ತಿಂದ ಮೇಲೆ ಟ್ಯಾಕ್ರೋಲಿಮಸ್ ಮಟ್ಟ ಏರಿದ್ದನ್ನು ಜಪಾನಿನ ವೈದ್ಯರು 2003ರಲ್ಲಿ ವರದಿ ಮಾಡಿದ್ದಾರೆ. "ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಹಣ್ಣು" ಎಂದು ಬಿಡುವು ಕೊಟ್ಟರೂ ಪ್ರಯೋಜನವಿಲ್ಲ. ಕೆಟ್ಟ ಕಿಣ್ವದ ಬದಲು ದೇಹ ಹೊಸದನ್ನು ತಯಾರಿಸಲು ಒಂದರಿಂದ ಮೂರು ದಿನ ಬೇಕು.

ಮನೆಯ ಹೆಂಗಸರು ಗಾಬರಿಯಾಗುವುದು ಬೇಡ. ಬಸ್ಸಾರಿಗೆ ಹಾಕುವ ಚಕ್ಕೋತ ಸೊಪ್ಪಿಗೂ ಈ ಹಣ್ಣಿಗೂ ಹೆಸರೊಂದೇ, ಸಂಬಂಧವಿಲ್ಲ. ಕಿತ್ತಳೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅದೇ ಕುಲದ ಬೇರೆ ಹುಳಿ ಹಣ್ಣುಗಳನ್ನು ದಿನವೂ ತಿನ್ನುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ. ಪ್ರಸಾದವಾಗಿ ಚಕ್ಕೋತ ಬಂದರೆ ಕಣ್ಣಿಗೊತ್ತಿಕೊಂಡು ಮನೆಯ ಮಕ್ಕಳಿಗೆ ಕೊಡಿ.

ಇನ್ನು ಬೇರೆ ಮಾತ್ರೆಗಳು. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲೂಕೊನಜೋಲ್, ಕೆಮ್ಮು ಗಂಟಲು ನೋವಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಬಿ.ಪಿ.ಗೆ ಕೊಡುವ ಡಿಲ್ಟಿಯಾಜೆಮ್ ಇವೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಭೇದಿಯಾದಾಗಲೂ ಮಟ್ಟ ಏರುತ್ತದೆ. ಭೇದಿಯಾದರೆ ಔಷಧಿ ಹೊರಟುಹೋಗುತ್ತದೆಂದು ಎಲ್ಲರೂ ಎಣಿಸುತ್ತಾರೆ, ಆಗುವುದು ಅದರ ವಿರುದ್ಧ. ನೋವಿನ ಮಾತ್ರೆಗಳು ಮಟ್ಟದ ಗೊಡವೆಯಿಲ್ಲದೆ ನೇರವಾಗಿ ಮೂತ್ರಪಿಂಡವನ್ನೇ ಕೆಡಿಸಬಲ್ಲವು.

ಮಟ್ಟವನ್ನು ಇಳಿಸುವ ಔಷಧಿಗಳಲ್ಲಿ ನಮಗೆ ಹೆಚ್ಚು ಭಯ ರಿಫಾಂಪಿಸಿನ್‌ನದು. ಇದು ಕ್ಷಯರೋಗದ ಮುಖ್ಯ ಔಷಧಿ. ಕಸಿಯಾದವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಕ್ಷಯ ಬರುವ ಸಂಭವವೂ ಹೆಚ್ಚು. ರಿಫಾಂಪಿಸಿನ್ ಸೇರಿದರೆ ಯಕೃತ್ತು ಆ ಒಡೆಯುವ ಕಿಣ್ವವನ್ನು ಬಹಳವಾಗಿ ತಯಾರಿಸುತ್ತದೆ, ಟ್ಯಾಕ್ರೋಲಿಮಸ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ರೋಗಿ ಎರಡು ಮಾತ್ರೆಯನ್ನೂ ಶ್ರದ್ಧೆಯಿಂದ ನುಂಗುತ್ತಿರುತ್ತಾನೆ, ಒಳಗೆ ಗೇಟು ತೆರೆದಿರುತ್ತದೆ. ಸರ್ಕಾರಿ ಕೇಂದ್ರದಲ್ಲಿ ಕ್ಷಯದ ಔಷಧಿ ಉಚಿತವಾಗಿ ಸಿಗುತ್ತದೆ, ಪಡೆಯಿರಿ. ಆದರೆ ಅಲ್ಲಿ ಕುಳಿತ ಕೂಡಲೇ ಹೇಳಬೇಕಾದ ಮೊದಲ ಮಾತು "ನನಗೆ ಕಿಡ್ನಿ ಕಸಿಯಾಗಿದೆ" ಎಂಬುದು. ಅಪಸ್ಮಾರದ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳೂ ಇದೇ ರೀತಿ ಮಟ್ಟ ಇಳಿಸುತ್ತವೆ.

ಐವರ್ಮೆಕ್ಟಿನ್ ಬಗ್ಗೆ ಕೇಳುವವರಿಗೆ

ಕೋವಿಡ್ ದಿನಗಳಿಂದ ಈ ಹೆಸರು ಮನೆಮಾತಾಗಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕುರಿ, ನಾಯಿ ಕರೆದೊಯ್ದವರಿಗೆ ಅದಕ್ಕೂ ಮೊದಲೇ ಗೊತ್ತಿರಬಹುದು. ಇದೂ ಜಪಾನಿನ ಮಣ್ಣಿನದೇ, ಇದರ ಶೋಧಕರಿಗೆ 2015ರಲ್ಲಿ ನೊಬೆಲ್ ಬಂದಿದೆ. ಹುಳುಗಳಿಗೆ, ಕಜ್ಜಿಗೆ ಒಳ್ಳೆಯ ಔಷಧಿ. ಇದರ ವಿಷಯ ಇಲ್ಲಿ ಏಕೆ ಎಂದರೆ, ಇದು ಟ್ಯಾಕ್ರೋಲಿಮಸ್‌ನಂತೆ ಚೀಟಿ ತೆರೆಯುವವನನ್ನಲ್ಲ, ಹಮಾಲಿಯಾದ ಇಂಪೋರ್ಟಿನ್ ಅನ್ನೇ ತಡೆಯುತ್ತದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಕೊಂಡರು. ಎಚ್.ಐ.ವಿ., ಡೆಂಗಿ ವೈರಸ್ಸುಗಳ ಕೆಲವು ಪ್ರೋಟೀನುಗಳು ನಮ್ಮ ಕೋಶಕೇಂದ್ರಕ್ಕೆ ಹೋಗಲು ಈ ಹಮಾಲಿಯನ್ನೇ ಬಳಸುತ್ತವೆ. 2012ರಲ್ಲಿ ಅವರು ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಈ ಎರಡೂ ವೈರಸ್ಸುಗಳನ್ನು ಅದು ತಗ್ಗಿಸುವುದನ್ನು ತೋರಿಸಿದರು. 2020ರ ಏಪ್ರಿಲ್‌ನಲ್ಲಿ ಕೊರೋನಾ ವೈರಸ್ಸಿನ ಅಂಶವನ್ನೂ ತಟ್ಟೆಯಲ್ಲಿ 48 ಗಂಟೆಯಲ್ಲಿ ಸುಮಾರು 5,000 ಪಟ್ಟು ಇಳಿಸಿತೆಂದು ಪ್ರಕಟವಾಯಿತು.

ಸುದ್ದಿ ಹಬ್ಬಿತು. 2021ರ ಮೇ ತಿಂಗಳಲ್ಲಿ ನೆರೆಯ ಗೋವಾದಲ್ಲಿ ವಯಸ್ಕರೆಲ್ಲರಿಗೂ ಕೊಡುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಕೇಂದ್ರದ ಚಿಕಿತ್ಸಾ ಸೂಚಿಯಲ್ಲೂ ಇತ್ತು, 2021ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಬ್ರೆಜಿಲ್‌ನಲ್ಲಿ ರೋಗಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಥಾಯ್ಲೆಂಡಿನಲ್ಲಿ ಡೆಂಗಿ ರೋಗಿಗಳಿಗೆ ಕೊಟ್ಟು ನೋಡಿದಾಗಲೂ ರೋಗದ ಗತಿ ಬದಲಾಗಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಏಕೆ ಸೋತಿತು? ಒಂದು ಕಾರಣ ನೀವು ಈಗಾಗಲೇ ಓದಿದ ಮಾತೇ, ರಕ್ತದ ಮಟ್ಟ. ತಟ್ಟೆಗೆ ಹಾಕಿದ ಸಾಂದ್ರತೆ, ಮನುಷ್ಯನಿಗೆ ಕೊಡುವ ಸಾಧಾರಣ ಪ್ರಮಾಣದಿಂದ ರಕ್ತದಲ್ಲಿ ಸಿಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅಷ್ಟು ನುಂಗಲು ಹೋದರೆ ವೈರಸ್ಸಿಗಿಂತ ಮೊದಲು ರೋಗಿಗೇ ಅಪಾಯ. ಇಂಪೋರ್ಟಿನ್ ಅನ್ನು ತಡೆಯುವ ಇಂಪೋರ್ಟಜೋಲ್ ಎಂಬ ರಾಸಾಯನಿಕವನ್ನು 2011ರಲ್ಲಿ ಅಮೆರಿಕದಲ್ಲಿ ಗುರುತಿಸಿದರು, ಅದು ಸಂಶೋಧನೆಗಷ್ಟೇ ಬಳಕೆಯಲ್ಲಿದೆ. ಹಮಾಲಿಯನ್ನೇ ಹಿಡಿದರೆ ಎಲ್ಲರ ಮೂಟೆಯೂ ನಿಲ್ಲುತ್ತದೆ, ನಿಮ್ಮ ಆರೋಗ್ಯವಂತ ಜೀವಕೋಶಗಳದೂ. ಟ್ಯಾಕ್ರೋಲಿಮಸ್ ಬಳಕೆಗೆ ಬಂದಿರುವುದು ಅದು ಹಿಡಿಯುವ ಕೈ ಕೆಲವೇ ಚೀಟಿಗಳನ್ನು ತೆರೆಯುವಂಥದು ಎಂಬ ಕಾರಣಕ್ಕೆ, ಆಗಲೂ ಎಷ್ಟು ತಾಪತ್ರಯವಿದೆಯೆಂದು ಮೇಲೆ ನೋಡಿದಿರಿ. ಡೆಂಗಿ ಜ್ವರ ಬಂದಾಗ ಐವರ್ಮೆಕ್ಟಿನ್ ಕೊಂಡು ನುಂಗಬೇಡಿ. ಹುಳುವಿಗೋ ಕಜ್ಜಿಗೋ ಅದು ಬೇಕಾದರೆ ವೈದ್ಯರೇ ಬರೆಯುತ್ತಾರೆ.

ಕಸಿಯಾದವರು ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಕಸಿಯಾದ ಜಾಗದಲ್ಲಿ ನೋವಾದರೆ, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮರುದಿನದವರೆಗೆ ಕಾಯದೆ ಬನ್ನಿ. ಮಾತ್ರೆಗೆ ಹಣ ಸಾಲದೆ ದಿನ ಬಿಟ್ಟು ದಿನ ನುಂಗುತ್ತಿರುವವರು ಸಂಕೋಚ ಬಿಟ್ಟು ನಮ್ಮಲ್ಲಿ ಹೇಳಿ. ಯಾವ ಯೋಜನೆಯಿಂದ ನೆರವು ಸಿಗಬಹುದೆಂದು ವಿಚಾರಿಸೋಣ. ಮುಚ್ಚಿಟ್ಟರೆ ವೈದ್ಯರು ಮಟ್ಟ ಕಡಿಮೆಯಿದೆಯೆಂದು ಪ್ರಮಾಣ ಹೆಚ್ಚಿಸಿ ಬರೆಯುತ್ತಾರೆ, ಖರ್ಚು ಇನ್ನೂ ಏರುತ್ತದೆ.

ಔಷಧಿಯ ಮಟ್ಟ ನೋಡುವ ರಕ್ತಪರೀಕ್ಷೆಯ ದಿನ ಬೆಳಗಿನ ಕ್ಯಾಪ್ಸೂಲನ್ನು ಮನೆಯಲ್ಲಿ ನುಂಗಬೇಡಿ. ಹಿಂದಿನ ರಾತ್ರಿಯ ಔಷಧಿ 12 ಗಂಟೆಯ ನಂತರ ಎಷ್ಟು ಉಳಿದಿದೆ ಎಂಬುದನ್ನು ನೋಡುವ ಪರೀಕ್ಷೆ ಅದು. ಕ್ಯಾಪ್ಸೂಲನ್ನು ಡಬ್ಬಿಯಲ್ಲಿ ಜೊತೆಗೆ ತನ್ನಿ. ರಾತ್ರಿ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂಬುದನ್ನು ಲ್ಯಾಬಿನವರಿಗೆ ಹೇಳಿ, ರಕ್ತ ಕೊಟ್ಟ ಕೂಡಲೇ ಅಲ್ಲಿಯೇ ನೀರು ಕೇಳಿ ನುಂಗಿ.